ಗೊತ್ತಿದ್ದ ಗಿಡಗಳ ಹೆಸರು

ಸಕ್ಕರೆ ಕಾಯಿಲೆ ಬಂತೆಂದು ಡಾಕ್ಟರು ದಿನಾ ನಡೆಯಲು ಹೇಳಿದರು. ಆಗ ನಾನು ಹಾವೇರಿಗೆ ವರ್ಗವಾಗಿ ಬಂದು ಆರು ತಿಂಗಳು. ಅವ್ವ ಹೋದ ಮೇಲೆ ರಾಣೆಬೆನ್ನೂರಿನ ಆ ಮನೆಯಲ್ಲಿ ಒಬ್ಬಳೇ ಇರಲಾರದೆ ನಾನೇ ಬೇಡಿ ತೆಗೆದುಕೊಂಡ ವರ್ಗ ಅದು. ವಯಸ್ಸು ಐವತ್ತೆರಡು, ಮದುವೆ ಆಗಿಲ್ಲ. ಕಚೇರಿಯಲ್ಲಿ ಬಂದವರೆಲ್ಲ ಮಾತಾಡಿಸುತ್ತಾರೆ, ಆದರೆ ಎಲ್ಲರದೂ ಒಂದೇ ಮಾತು: "ಮೇಡಂ, ನಮ್ಮ ಫೈಲು ಎಲ್ಲಿಗೆ ಬಂತ್ರಿ?" ಸಂಜೆ ಬಾಡಿಗೆ ಕೋಣೆಯ ಬೀಗ ತೆಗೆದು ಒಳಗೆ ಹೋದರೆ ಬೆಳಗಿನ ತನಕ ಬಾಯಿಗೆ ಕೆಲಸವಿಲ್ಲ.

ನಡೆಯಲು ಕೆರೆ ಏರಿಯನ್ನು ಆರಿಸಿಕೊಂಡೆ. ಸುಮ್ಮನೆ ನಡೆಯುವುದು ಬೇಸರ. ಗಿಡಗಳ ಹೆಸರನ್ನಾದರೂ ಕಲಿಯೋಣವೆಂದು ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಎಲೆಯ ಫೋಟೋ ತೆಗೆದರೆ ಅದು ನಾಲಿಗೆ ತಿರುಗದ ಹೆಸರು ತೋರಿಸುತ್ತಿತ್ತು. ನಮ್ಮ ಕಡೆ ಇದಕ್ಕೆ ಏನಂತಾರೆ ಎಂದು ವಾಕಿಂಗಿಗೆ ಬಂದಿದ್ದ ಒಬ್ಬರನ್ನು ಕೇಳಿದೆ. ಅವರು ನಿಂತು, ತಲೆ ಎತ್ತಿ ಗಂಭೀರವಾಗಿ ನೋಡಿ, "ಗಿಡ ರೀ" ಅಂದರು. ಪುಣ್ಯಾತ್ಮರು, ಸುಳ್ಳಂತೂ ಹೇಳಲಿಲ್ಲ.

ಹೆಸರು ಹೇಳಿದವಳು ಏರಿಯ ಮೇಲೆ ಆಡು ಕಾಯುತ್ತಿದ್ದ ಮುದುಕಿ. ಹನ್ನೊಂದು ಆಡು, ಟೊಂಗೆ ಬಗ್ಗಿಸಲು ಕೈಯಲ್ಲೊಂದು ದೋಟಿ. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರ. ಸುಳ್ಳದು. ಆಡುಸೋಗಿ ಮುಟ್ಟಂಗಿಲ್ಲ, ನೋಡ್ರಿ ಅಕ್ಕಾರ" ಎಂದು ಮೊದಲ ದಿನವೇ ಗಾದೆಗೆ ತಿದ್ದುಪಡಿ ಹಾಕಿದಳು. ಅವಳು ಕಲಿಸುವುದೆಲ್ಲ ಕೈಯಿಂದ. ತಪಸಿ ಎಲೆಯನ್ನು ತಿಕ್ಕಿ ನನ್ನ ಮೂಗಿಗೆ ಹಿಡಿದಳು. ಕಮರದ ಎಲೆ ಆಡಿನ ಗೊರಸಿನಂತೆ ಎರಡು ಹೋಳು ಎಂದು ಒಂದು ಆಡಿನ ಕಾಲೆತ್ತಿಯೇ ತೋರಿಸಿದಳು. ಬನ್ನಿಗೂ ಬಳ್ಳಾರಿ ಜಾಲಿಗೂ ದೂರದಿಂದ ವ್ಯತ್ಯಾಸ ತಿಳಿಯದು. ಜಾಲಿಯ ಮುಳ್ಳು ಎಲೆಯ ಬುಡದಲ್ಲಿ ಜೋಡಿಯಾಗಿರುತ್ತದೆ, ಬನ್ನಿಯದು ಒಂದೊಂದೇ ಎಂದು ನನ್ನ ಹೆಬ್ಬೆರಳು ಹಿಡಿದು ಮುಟ್ಟಿಸಿದಳು. ಅವ್ವ ಹೋದ ಮೇಲೆ ನನ್ನ ಕೈಯನ್ನು ಯಾರಾದರೂ ಹಿಡಿದದ್ದು ಅದೇ ಮೊದಲು. ವಾರದೊಳಗೆ ಅವಳಿಗೆ ನಾನು "ಯವ್ವಾ" ಆದೆ, ನನಗೆ ಅವಳು ಆಯಿ.

ಎರಡು ತಿಂಗಳಲ್ಲಿ ಏರಿಯ ಗಿಡಗಳೆಲ್ಲ ಬಾಯಿಪಾಠವಾದವು. ತೊಂದರೆ ಶುರುವಾದದ್ದೇ ಅಲ್ಲಿ. ಕೇಳುವುದು ಮುಗಿದರೆ ಅವಳ ಹತ್ತಿರ ನಿಲ್ಲಲು ನೆಪವೇ ಇಲ್ಲ. ಅದಕ್ಕೆ ಗೊತ್ತಿದ್ದುದನ್ನೇ ಕೇಳತೊಡಗಿದೆ. ತಪಸಿಯ ಕೆಳಗೆ ನಿಂತು, "ಇದು ಹುಲಗಲ ಹೌದಲ್ಲ ಆಯಿ?" ಅನ್ನುತ್ತಿದ್ದೆ. ಅವಳು ಹಣೆ ಚಚ್ಚಿಕೊಂಡು ಮೊದಲಿಂದ ಹೇಳುವಳು. ನನಗೋ ಹಾಲು ಕುಡಿದಷ್ಟು ಸಂತೋಷ.

ದಸರೆಯ ಹಿಂದಿನ ದಿನ ಅವಳು ನನಗೊಂದು ಪರೀಕ್ಷೆ ಇಟ್ಟಳು. "ನಾಳೆ ಬನ್ನಿ ಕೊಡೂದೈತಿ. ಪ್ಯಾಟ್ಯಾಗ ಕೊಂಡು ತರಬ್ಯಾಡ. ಈ ಏರಿ ಮ್ಯಾಲೆ ನೀನ ಹುಡುಕಿ ಕಿತ್ತು ತಾ. ನಾ ತೋರಸಂಗಿಲ್ಲ." ಹಬ್ಬದ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿಟ್ಟು ಕಾಲು ಮುಟ್ಟುವುದು ನಮ್ಮ ಕಡೆಯ ಪದ್ಧತಿ. ಹಾವೇರಿಯಲ್ಲಿ ನಾನು ಬನ್ನಿ ಕೊಡಬಹುದಾದವಳು ಅವಳೊಬ್ಬಳೇ.

ಮರುದಿನ ಬನ್ನಿ ಗಿಡದ ಮುಂದೆ ನಿಂತೆ. ಕೈ ಚಾಚಿದರೆ ಟೊಂಗೆ. ಆದರೆ ಸರಿಯಾದ ಎಲೆ ಒಯ್ದರೆ "ಕಲ್ತಿ ಬಿಡು" ಅಂದುಬಿಡುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದು ಹೆದರಿಕೆಯಾಯಿತು. ನಾಲ್ಕು ಹೆಜ್ಜೆ ಮುಂದೆ ಹೋಗಿ ಬಳ್ಳಾರಿ ಜಾಲಿಯ ಎಲೆಯನ್ನು ಕಡ್ಡಿ ಸಮೇತ ಕಿತ್ತೆ.

"ಬನ್ನಿ ತಗೊಂಡು ಬಂಗಾರದಂಗ ಇರೋಣು, ಆಯಿ" ಎಂದು ಅವಳ ಕೈಗಿಟ್ಟು ಕಾಲು ಮುಟ್ಟಿದೆ. ಬೈಗುಳಕ್ಕೆ ಕಾದೆ. ಅವಳು ಬೈಯಲಿಲ್ಲ. ಹೆಬ್ಬೆರಳಿನಿಂದ ಮುಳ್ಳು ತಡವಿ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ನಿಂದೇನೂ ತಪ್ಪಿಲ್ಲ ಯವ್ವಾ. ನಾ ಸಾಲಿ ಕಲ್ತಾಕಿ ಅಲ್ಲ, ನನಗ ಹೇಳಿಕೊಡಾಕ ಬರಂಗಿಲ್ಲ. ಓದಿದಾಕಿ ನನ್ನ ಕಡೆ ಕಲಿಯಾಕ ಬರ್ತಾಳ ಅಂತ ಮನ್ಯಾಗ ಎಲ್ಲಾರ ಮುಂದ ಹೇಳ್ಕೊಂಡಿದ್ದೆ" ಅಂದಳು.

ಕಪಾಳಕ್ಕೆ ಹೊಡೆದಂತಾಯಿತು. ನಾಚಿಕೆಯಿಂದ ಸಾಯುತ್ತ, ಏರಿಯ ಈ ತುದಿಯಿಂದ ಆ ತುದಿಯವರೆಗೆ ಬೆರಳು ಮಾಡಿ ಒಂದೇ ಉಸಿರಿಗೆ ಹೇಳಿದೆ: ತಪಸಿ, ಹುಲಗಲ, ಕಮರ, ಬಾರಿ, ಲಕ್ಕಿ, ಕರಿಜಾಲಿ, ಅಗೋ ಅದು ಬನ್ನಿ.

"ಎಲ್ಲಾ ಗೊತ್ತಿದ್ದೂ ಕೇಳ್ತಿದ್ದಿ?"

"ಹೂಂ."

"ಯಾಕ?"

"ನನ್ನ ಜೋಡಿ ಮಾತಾಡೋರು ಯಾರೂ ಇಲ್ಲ, ಆಯಿ."

"ಅಯ್ಯ ನನ ಮಗಳ, ಮಾತಾಡಬೇಕಂದ್ರ ಮಾತಾಡಬೇಕು. ಅದಕ್ಕ ಗಿಡಾ ಯಾಕ ಬೇಕು?" ಎಂದು ಪಕ್ಕದ ಕಲ್ಲನ್ನು ಸೆರಗಿನಿಂದ ಒರೆಸಿದಳು. "ಕುಂದ್ರು. ಹೇಳು."

ಕುಳಿತೆ. ಅವ್ವನ ವಿಷಯ ಹೇಳಬೇಕೆಂದುಕೊಂಡೆ. ಬಾಯಿ ತೆರೆದೆ, ಏನೂ ಬರಲಿಲ್ಲ. ಇಷ್ಟು ದಿನದಲ್ಲಿ ನನ್ನದೊಂದು ಮಾತನ್ನೂ ನಾನು ಅವಳಿಗೆ ಹೇಳಿರಲಿಲ್ಲ, ಅವಳದೊಂದನ್ನೂ ಕೇಳಿರಲಿಲ್ಲ. ಅವಳು ಅವಸರ ಮಾಡದೆ ಕಾದಳು. ಆಡುಗಳು ಏರಿಯಿಂದ ಇಳಿದು ಯಾರದೋ ಹೊಲದ ಕಡೆ ಹೊರಟಾಗ ದೋಟಿ ಊರಿ ಎದ್ದಳು. "ನಾಳೆ ಹೇಳೂವಂತಿ" ಅಂದಳು.

ಮರುದಿನವೂ ಹೋಗಿ ಅದೇ ಕಲ್ಲಿನ ಮೇಲೆ ಕುಳಿತೆ. ಅವಳು ನನಗಾಗಿ ಕಾದಳು. ಬಹಳ ಹೊತ್ತಿನ ಮೇಲೆ ನನ್ನ ಬಾಯಿಂದ ಹೊರಟದ್ದು ಇಷ್ಟೇ:

"ಆಯಿ, ಅದು ಯಾವ ಗಿಡ?"

ಅವಳು ಗಿಡದ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತ, "ಹುಲಗಲ, ಯವ್ವಾ" ಅಂದಳು.