ಸರ್ವರ್, ಸರೋಜ ಮತ್ತು ಸಿಡಿಲು

ಮೇ ತಿಂಗಳ ಅಪರಾಹ್ನ ಘಟ್ಟದ ಕಡೆಯಿಂದ ಆಕಾಶ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ನಮ್ಮ ಬೆಳ್ಳಾರೆಯ ಮನೆಮನೆಗಳಲ್ಲೂ ಟಿ.ವಿ., ಫ್ರಿಜ್, ಮೋಡೆಮ್‌ಗಳ ಪ್ಲಗ್ಗುಗಳು ಟಪಟಪನೆ ಕಳಚಿಕೊಳ್ಳುತ್ತವೆ. ಊಟದ ನಡುವೆ ಎಂಜಲು ಕೈಯಲ್ಲೇ ಎದ್ದು, ಎಡಗೈಯಿಂದ ಪ್ಲಗ್ಗು ಕಿತ್ತು ಬಂದು, ಮತ್ತೆ ಸಾರನ್ನಕ್ಕೆ ಕೂರುವವರನ್ನು ನಾನು ಬಲ್ಲೆ. ಸಂಧ್ಯಾವಂದನೆ ತಪ್ಪಿಸಿದವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಗುಡುಗಿಗೆ ಪ್ಲಗ್ಗು ತೆಗೆಯಲು ಮರೆತವರು ಮಾತ್ರ ಇಲ್ಲ.

ಈ ಸನಾತನ ಆಚಾರಕ್ಕೂ ನನ್ನ ಆಧುನಿಕ ಉದ್ಯಮಕ್ಕೂ ಜಗಳ ಬಂದ ಕಥೆಯನ್ನು ನಿಮಗೆ ಹೇಳಬೇಕು. ಉದ್ಯಮವೆಂದರೆ ದೊಡ್ಡದೇನಲ್ಲ; ಪೇಟೆಯಲ್ಲಿ ನಾನೂ ನನ್ನ ಗೆಳೆಯ ಹಮೀದನೂ ಸೇರಿ ನಡೆಸುವ ಸ್ಟುಡಿಯೋ. ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ವಧೂವರರಿಗಿಂತ ಮೊದಲು ಬೆವರುವವರು ನಾವು. ಈಗಿನ ಕ್ಯಾಮೆರಾಗಳೋ, ಒಂದು ಮದುವೆಗೆ ಒಂದು ಅಟ್ಟ ತುಂಬುವಷ್ಟು ಚಿತ್ರಗಳನ್ನು ಹೆರುತ್ತವೆ. ಅವುಗಳನ್ನೆಲ್ಲ ಎಲ್ಲಿಡುವುದು ಎಂಬುದೇ ನಮ್ಮ ಮುಂದಿದ್ದ ಧರ್ಮಜಿಜ್ಞಾಸೆ.

ಹಮೀದ ಕ್ಲೌಡ್ ಪಕ್ಷಪಾತಿ. ತಿಂಗಳಿಗಿಷ್ಟು ಕಟ್ಟಿದರೆ ನಮ್ಮ ಚಿತ್ರಗಳನ್ನು ಯಾವುದೋ ದೂರದೇಶದ ಶೀತಲ ಕೋಣೆಯಲ್ಲಿ ಯಾರೋ ಜೋಪಾನ ಮಾಡುತ್ತಾರೆ ಎಂಬುದು ಅವನ ವಾದ. ನಾನೋ, ಅಡಿಕೆ ಅಟ್ಟದಲ್ಲಿದ್ದರೇ ನಿದ್ದೆ ಬರುವ ಜನರ ನಡುವೆ ಬೆಳೆದವನು. ಕೈಗೆ ಸಿಗುವಲ್ಲಿ ನಮ್ಮದೇ ಒಂದು ಸರ್ವರ್ ಇರಬೇಕೆಂದೆ. ಜೀವಮಾನವಿಡೀ ಬಾಡಿಗೆ ಕಟ್ಟುವುದೇ ಎಂದು ಕೇಳಿದ್ದಕ್ಕೆ ಅವನು, "ನಾವು ಕೂತ ಅಂಗಡಿ ಸಹಾ ಬಾಡಿಗೆದ್ದೇ ಅಲ್ವಾ ಮಾರಾಯ್ರೆ" ಎಂದ. ಪುತ್ತೂರಿನ ಕಂಪ್ಯೂಟರ್ ಅಂಗಡಿಯವರಲ್ಲಿ ವಿಚಾರಿಸಿದರೆ ಅವರು ಜಾತಕ ನೋಡಿದವರಂತೆ, ಎರಡೂ ಒಳ್ಳೆಯದೇ, ಎರಡಕ್ಕೂ ದೋಷ ಉಂಟು ಎಂದುಬಿಟ್ಟರು. ಕೊನೆಗೆ ಎರಡನ್ನೂ ಇಟ್ಟುಕೊಳ್ಳುವುದೆಂದಾಯಿತು. ಮೊದಲು ಸರ್ವರಿಗೆ ತುಂಬುವುದು, ಅಲ್ಲಿಂದ ನಿಧಾನವಾಗಿ ಕ್ಲೌಡಿಗೆ ಏರಿಸುವುದು.

ಅಂಗಡಿ ಮುಚ್ಚುವಾಗ ಮೈನ್ ಸ್ವಿಚ್ಚನ್ನೇ ಆರಿಸುವುದು ನಮ್ಮ ಪೇಟೆಯ ಪದ್ಧತಿಯಾದ್ದರಿಂದ, ಸದಾ ಎಚ್ಚರವಿರಬೇಕಾದ ಸರ್ವರನ್ನು ನಮ್ಮ ಮನೆಯಲ್ಲಿ ಪ್ರತಿಷ್ಠಾಪಿಸಿದೆವು. ನನ್ನ ಹೆಂಡತಿ ಸರೋಜ ಅದಕ್ಕೆ ಧೂಳು ಕೂರಬಾರದೆಂದು ಕಸೂತಿಯ ಮುಸುಕು ಹೊದಿಸಿದಳು; ಅದು ಬಿಸಿಯಾಗಿ ಬುಸುಗುಟ್ಟಿದಾಗ ಮುಸುಕನ್ನು ಬೇಸರದಿಂದ ತೆಗೆದಳು. ಅಷ್ಟರವರೆಗೆ ದಾಂಪತ್ಯಕ್ಕೆ ಧಕ್ಕೆ ಬಂದಿರಲಿಲ್ಲ. ಆಮೇಲೆ ಗುಡುಗಿತು.

ನಾನು ಸ್ಟುಡಿಯೋದಿಂದ ಮರಳಿದಾಗ ಸರ್ವರಿನ ಪ್ಲಗ್ಗು ನೆಲದಲ್ಲಿ ಮಲಗಿತ್ತು. ಜೊತೆಗಿಟ್ಟಿದ್ದ ಯುಪಿಎಸ್ ಕೀ ಕೀ ಎಂದು ಅಳುವುದನ್ನು ಕೇಳಲಾರದೆ ಅದನ್ನೂ ಆರಿಸಿದ್ದಳು. ಬೆಳಿಗ್ಗೆಯಿಂದ ಕ್ಲೌಡಿಗೆ ಏರುತ್ತಿದ್ದ ವಿಡಿಯೋ ಮತ್ತೆ ಮೊದಲಿನಿಂದ ಏರಬೇಕಾಯಿತು. ನಾನು 'ದಯವಿಟ್ಟು ಇದನ್ನು ತೆಗೆಯಬೇಡಿ' ಎಂಬ ಫಲಕವನ್ನು ಮದುವೆ ಫೋಟೋದಷ್ಟೇ ಚಂದವಾಗಿ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಪ್ಲಗ್ಗಿಗೆ ತೂಗುಹಾಕಿದೆ. ಅವಳು ಪ್ಲಗ್ಗು ಕೀಳುವ ಮೊದಲು ಅದನ್ನು ಮೆತ್ತಗೆ ಬದಿಗಿಟ್ಟು, ಮಳೆ ನಿಂತ ಮೇಲೆ ಮತ್ತೆ ಅಲ್ಲೇ ತೂಗುಹಾಕುತ್ತಿದ್ದಳು. ಕೇಳಿದರೆ ಒಂದೇ ಉತ್ತರ: "ಗುಡುಗಿದ್ರೆ ತೆಗಿಯುದೇ. ಅದಕ್ಕೆ ಎಂತ ಬೋರ್ಡು?"

ಈ ನಡುವೆ ಹಮೀದನ ಅಣ್ಣ ಅಬ್ಬಾಸರ ಮಗಳ ನಿಕಾಹ್ ನಡೆಯಿತು. ದುಬೈಯಲ್ಲಿ ದುಡಿಯುವ ಅಬ್ಬಾಸರಿಗೆ ರಜೆ ಸಿಗಲಿಲ್ಲ. ತಂದೆಯ ಸ್ಥಾನದಲ್ಲಿ ನಿಂತು, ಮದುಮಗನ ಕೈಹಿಡಿದು ನಿಕಾಹ್ ಮಾಡಿಕೊಟ್ಟವನು ಹಮೀದ. ಫೋನಿನಲ್ಲಿ ನೋಡುತ್ತಿದ್ದ ಅಬ್ಬಾಸರ ಮುಖ ಸರಿಯಾಗಿ ಅದೇ ಗಳಿಗೆಯಲ್ಲಿ ಸ್ತಬ್ಧವಾಯಿತು, ನೆಟ್‌ವರ್ಕ್ ಹೋಯಿತು. ಮಗಳ ಮದುವೆಯನ್ನು ಅವರು ನೋಡುವುದಿದ್ದರೆ ಇನ್ನು ನನ್ನ ಕ್ಯಾಮೆರಾದ ಕಣ್ಣಿಂದಲೇ ನೋಡಬೇಕಿತ್ತು. ನಾನು ಎಲ್ಲವನ್ನೂ ಸರ್ವರಿಗೆ ತುಂಬಿ, ಮರುದಿನದ ಮದುವೆಗೆ ಬೇಕೆಂದು ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿದೆ. ಕ್ಲೌಡಿಗೆ ಏರಿಸಲು ಹಚ್ಚಿದ್ದು ಪ್ರತಿ ಸಂಜೆಯ ಗುಡುಗಿಗೆ ತುಂಡಾಗಿ ವಾರವಾದರೂ ಮೇಲೆ ಮುಟ್ಟಲಿಲ್ಲ.

ಹೀಗಿರುವಾಗ ನಾವಿಬ್ಬರೂ ಕಡಬದ ಒಂದು ಮದುವೆಯಲ್ಲಿದ್ದಾಗ ಪಕ್ಕದ ಮನೆಯವರ ಫೋನು ಬಂತು. ನಮ್ಮ ಹಿತ್ತಿಲ ತೆಂಗಿನ ಮರಕ್ಕೆ ಸಿಡಿಲು ಬಡಿದಿದೆ, ಸರೋಜ ಕ್ಷೇಮ, ಆದರೆ ಮನೆಯ ವಯರಿಂಗ್ ಸುಟ್ಟಿದೆ ಎಂದು. ಹೆಂಡತಿ ಕ್ಷೇಮ ಎಂದು ಕೇಳಿ ಉಸಿರುಬಿಟ್ಟ ಮರುಕ್ಷಣವೇ ನಮ್ಮಿಬ್ಬರಿಗೂ ಸರ್ವರಿನ ನೆನಪಾಯಿತು. ಇಬ್ಬರೂ ಕಾರು ಹತ್ತಿ ಹೊರಟೆವು. ದಾರಿಯಲ್ಲಿ ಹಮೀದ, "ಅಣ್ಣನಿಗೆ ಎಂತ ಹೇಳುದು?" ಎಂದು ಒಂದು ಸಲ ಕೇಳಿದ. ನಾನು ಕಾರಿನ ವೇಗ ಹೆಚ್ಚಿಸಿದೆ.

ಮನೆಯಲ್ಲಿ ಮೀಟರ್ ಬೋರ್ಡು ಕರಿ ಹಿಡಿದಿತ್ತು, ಟ್ಯೂಬ್‌ಲೈಟು ಸಿಡಿದಿತ್ತು, ಫ್ಯಾನು ಸುಟ್ಟ ವಾಸನೆ ಬೀರುತ್ತಿತ್ತು. ಸರ್ವರಿನ ಪ್ಲಗ್ಗು ಮಾತ್ರ ಎಂದಿನಂತೆ ನೆಲದಲ್ಲಿ, ಅದರ ಪಕ್ಕದಲ್ಲಿ ನನ್ನ ಲ್ಯಾಮಿನೇಟೆಡ್ ಪ್ರಾರ್ಥನೆ. "ನಿಮ್ಮ ಡಬ್ಬಿಗೆ ಎಂತ ಆಗ್ಲಿಲ್ಲ," ಎಂದಳು ಸರೋಜ, "ಮೊದಲ ಗುಡುಗಿಗೇ ತೆಗ್ದಿದ್ದೆ." ಅಂಗಡಿಗೆ ಒಯ್ದು ಚಾಲೂ ಮಾಡಿದಾಗ ನಿಕಾಹ್ ಓಡಿತು, ಪರದೆಯ ಮೇಲೆ ಹಮೀದನ ಕೈ ಮದುಮಗನ ಕೈಯನ್ನು ಹಿಡಿದುಕೊಂಡಿತು. ಹಮೀದ ಕನ್ನಡಕ ತೆಗೆದು ಒರೆಸಿದ. ನನಗೂ ಕಣ್ಣು ತುಂಬಿತ್ತು. ನನ್ನಲ್ಲಿ ಒರೆಸಲು ಕನ್ನಡಕವಿರಲಿಲ್ಲ.

ಇನ್ನೊಂದು ಪ್ರತಿ ಇಲ್ಲದಂತೆ ಮಾಡಿದವಳೂ ಅವಳೇ, ಇದ್ದೊಂದನ್ನು ಉಳಿಸಿದವಳೂ ಅವಳೇ ಎಂಬ ತರ್ಕವನ್ನು ನಾನು ಮನೆಯಲ್ಲಿ ಮಂಡಿಸಲಿಲ್ಲ. ಅಷ್ಟು ವಿವೇಕ ನನಗೂ ಉಂಟು. ವಿಡಿಯೋ ಕೊನೆಗೆ ದುಬೈಗೆ ಹೋದದ್ದು ಕ್ಲೌಡಿನಲ್ಲೂ ಅಲ್ಲ. ರಜೆ ಮುಗಿಸಿ ಹೊರಟ ನೆರೆಮನೆಯವನ ಪೆಟ್ಟಿಗೆಯಲ್ಲಿ, ಹಲಸಿನ ಹಪ್ಪಳಕ್ಕೂ ಮಾವಿನ ಉಪ್ಪಿನಕಾಯಿಗೂ ಮಧ್ಯೆ, ಪೆನ್‌ಡ್ರೈವಾಗಿ ಹೋಯಿತು. ಅಬ್ಬಾಸರು ನೋಡಿ ಮುಗಿಸಿ, ಮತ್ತೆ ಮೊದಲಿನಿಂದ ಹಾಕಿಸಿಕೊಂಡರಂತೆ.

ಈಗ ನಾವು ಬೆಳಿಗ್ಗೆ ಮಾತ್ರ ಕ್ಲೌಡಿಗೆ ಏರಿಸುತ್ತೇವೆ. ಕಾರ್ಡು ಅಳಿಸುವುದು ಎಲ್ಲವೂ ಅಲ್ಲಿಗೆ ಮುಟ್ಟಿದ ಮೇಲೆಯೇ. ಹೊಸದಾಗಿ ಸ್ಟುಡಿಯೋ ತೆರೆದವರು ಯಾವುದು ಒಳ್ಳೆಯದೆಂದು ಕೇಳಿದರೆ, ಎಲ್ಲಿ ಬೇಕಾದರೂ ಇಡಿ, ಆದರೆ ಗುಡುಗಿದಾಗ ಉಣ್ಣುವುದನ್ನು ಬಿಟ್ಟು ಏಳುವವರೊಬ್ಬರು ಅದಕ್ಕೆ ಇರಲಿ ಎನ್ನುತ್ತೇನೆ. ಫಲಕವನ್ನು ನಾನೇ ತೆಗೆದಿಟ್ಟಿದ್ದೇನೆ.

ಮೊನ್ನೆ ಪುತ್ತೂರಿನಲ್ಲಿ ಒಂದು ಗೃಹಪ್ರವೇಶದ ಫೋಟೋ ತೆಗೆಯುತ್ತಿದ್ದಾಗ ದೂರದಲ್ಲಿ ಗುಡುಗಿತು. ಅಂಗಳಕ್ಕೆ ಬಂದು ಸರೋಜಳಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ತೆಗ್ದಾಯ್ತು. ನೀವು ಅಲ್ಲಿ ತೆಂಗಿನ ಮರದ ಅಡಿಯಲ್ಲಿ ನಿಲ್ಬೇಡಿ."

ನಾನು ನಿಂತದ್ದು ಅಲ್ಲಿಯೇ ಆಗಿತ್ತು.