ದೇವಲಾಪುರದ ದಿಬ್ಬದ ಮೇಲೆ ನನ್ನ ದುರ್ಬೀನು

ಕನ್ನಡಕದ ಎರಡು ಗಾಜುಗಳನ್ನು ಬಿದಿರಿನ ಕೊಳವೆಗೆ ಕೂರಿಸಿ ನಾನೇ ಮಾಡಿಕೊಂಡ ದುರ್ಬೀನು ಕೆಲಸದ ಮೇಲೆ ಹಳ್ಳಿಹಳ್ಳಿಗೆ ಸರ್ಕೀಟು ಹೋದಲ್ಲೆಲ್ಲ ನನ್ನ ಜೊತೆಗಿರುತ್ತಿತ್ತು. ಒಮ್ಮೆ ದೇವಲಾಪುರದಲ್ಲಿ ನಾನು ಇಳಿದುಕೊಂಡಿದ್ದ ಮನೆಗೆ, ಯಜಮಾನರಾದ ನಿಂಗೇಗೌಡರ ಮಗಳನ್ನು ನೋಡಲು ಗಂಡಿನವರು ಬರಬೇಕಿತ್ತು. ಹೊತ್ತು ಇಳಿದರೂ ಸುಳಿವಿಲ್ಲ. ಹಿಂದೊಂದು ಸಂಬಂಧ ಹೀಗೇ ಬಾರದೆ ತಪ್ಪಿಹೋಗಿತ್ತಂತೆ. ಗೌಡರು ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು.

"ಸ್ವಾಮಿ, ನಿಮ್ ಕೊಳ್ವೇಲಿ ವಸಿ ನೋಡೀ," ಅಂದರು.

ಇಬ್ಬರೂ ದಿಬ್ಬ ಹತ್ತಿದೆವು. ದೂರದಲ್ಲಿ ಕಮಾನುಗಾಡಿಯೊಂದು ಕಂಡಿತು. ಖುಷಿಯಿಂದ ದುರ್ಬೀನನ್ನು ಅವರ ಕೈಗಿತ್ತೆ.

"ಅಯ್ಯಯ್ಯೋ, ಗಾಡಿ ಮೊಗಚ್ಕೊಂಡದೆ! ಎತ್ತಿನ ಕಾಲು ಮ್ಯಾಕವೆ! ಬನ್ರಲಾ, ಅಗ್ಗ ತಕ್ಕೊಳ್ರಲಾ!"

ಈ ಕೊಳವೆ ಎಲ್ಲವನ್ನೂ ತಲೆಕೆಳಗಾಗಿಯೇ ತೋರಿಸುತ್ತದೆ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಕೇರಿಯ ಗಂಡಸರೆಲ್ಲ ಅವರ ಹಿಂದೆ ಓಡಿದ್ದರು. ನಾನೂ ಓಡಿದೆ.

ನೆಟ್ಟಗೇ ಬರುತ್ತಿದ್ದ ಗಾಡಿಯಿಂದ ಗಂಡಿನ ತಂದೆ ಇಳಿದು, "ಎದುರುಗೊಳ್ಳಕ್ಕೆ ಇಷ್ಟು ದೂರ ಊರೇ ಬಂದದಲ್ಲ! ಇಂಥಾ ಮರ್ವಾದೆ ಎಲ್ಲೂ ಕಾಣ್ನಿಲ್ಲ ಕಣ್ ಗೌಡ್ರೇ," ಎಂದು ಗೌಡರನ್ನು ತಬ್ಬಿಕೊಂಡರು. ಗೌಡರು ಏದುಸಿರು ಬಿಡುತ್ತಲೇ ಹಗ್ಗವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಅವತ್ತೇ ಎಲೆಅಡಿಕೆ ಬದಲಾಯಿಸಿಕೊಂಡರು.

ನೋಟವನ್ನು ನೆಟ್ಟಗೆ ಮಾಡುವ ಇನ್ನೊಂದು ಗಾಜು ಆಮೇಲೆ ನನಗೆ ಸಿಕ್ಕಿತು. ಯಾಕೋ, ಇವತ್ತಿಗೂ ಅದನ್ನು ಹಾಕಿಲ್ಲ.