ಯಾವತ್ತು?

ಅಮೆರಿಕದ ಲಾಂಗ್ ಬೀಚ್ ಬಂದರಿನ ಶಿಪ್ಪಿಂಗ್ ಆಫೀಸಿನಲ್ಲಿ ನಾನಿದ್ದಾಗ, ಚೀನಾದ ಟೀವಿಯೊಂದರ ವ್ಯಾಪಾರ ವರದಿಗಾರ್ತಿ ಆಗಾಗ ಕ್ಯಾಮೆರಾ ಸಮೇತ ಬರುತ್ತಿದ್ದರು. "ಹಡಗು ಸದ್ಯದಲ್ಲೇ ಬರುತ್ತೆ" ಎಂದು ನಮ್ಮ ಮ್ಯಾನೇಜರ್ ಜಾರಿಕೊಳ್ಳುವಂತಿರಲಿಲ್ಲ. ಆಕೆ ಮೈಕನ್ನು ಇನ್ನಷ್ಟು ಹತ್ತಿರ ಹಿಡಿದು, ತಲೆ ಒಂದಿಷ್ಟು ವಾಲಿಸಿ, "ಯಾವತ್ತು?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಉತ್ತರ ಸಿಗುವವರೆಗೆ ಮೈಕು ಅಲ್ಲಾಡುತ್ತಿರಲಿಲ್ಲ. ಆ ಪ್ರಶ್ನೆಗೆ ಕನ್ನಡದಲ್ಲಿ ಏನೆನ್ನುತ್ತಾರೆಂದೂ ನನ್ನಿಂದ ಕೇಳಿ ಕಲಿತಿದ್ದರು.

ಒಂದು ಭಾನುವಾರ ಆಕೆ ವೆಸ್ಟ್ ಕೊವಿನಾದ ನಮ್ಮ ಮನೆಗೆ ಊಟಕ್ಕೆ ಬಂದರು. ಹೊರಡುವಾಗ ನನ್ನಮ್ಮ, ಮೈಸೂರಿನಲ್ಲಿ ಎಲ್ಲರಿಗೂ ಹೇಳುವಂತೆಯೇ, "ಹೋಗ್ಬಿಟ್ಟು ಬಾಮ್ಮ" ಎಂದರು. ನಾನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿದೆ. ಶೂ ಹಾಕಿಕೊಳ್ಳುತ್ತಿದ್ದ ಆಕೆ ತಲೆಯೆತ್ತಿ, ಕನ್ನಡದಲ್ಲೇ ಅಮ್ಮನನ್ನು ಕೇಳಿದರು: "ಯಾವತ್ತು?"

ಅಮ್ಮ ತಬ್ಬಿಬ್ಬಾದರು. "ಅಯ್ಯೋ, ಬರೀ ಹೋಗು ಅನ್ನಬಾರದು ಅಂತ ಹಾಗನ್ನೋದು ಕಣೋ, ಅವಳಿಗೆ ಹೇಳು." ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ಸೋತು, "ಬರೋ ಭಾನುವಾರ ಬರ್ಲಿ ಬಿಡು, ಬಿಸಿಬೇಳೆಬಾತ್ ಮಾಡ್ತೀನಿ" ಎಂದರು. ಹೇಳಿದ ದಿನಕ್ಕೆ ಆಕೆ ಬಂದೇ ಬಂದರು. ಆಮೇಲೆ ಭಾನುವಾರಗಳೆಲ್ಲ ಹಾಗೇ ಆದವು.

ಎರಡು ಸಾವಿರದ ಎಂಟರಲ್ಲಿ ಚಾನೆಲ್ಲಿನವರು ಆಕೆಯನ್ನು ಬೀಜಿಂಗಿನ ಸ್ಟುಡಿಯೋಗೆ ವಾಪಸ್ ಕರೆಸಿಕೊಂಡರು. ದಿನವೂ ಬರುವ ದೊಡ್ಡ ಕಾರ್ಯಕ್ರಮ ಇನ್ನು ಆಕೆಯದೇ. ವಿದಾಯ ಹೇಳಲು ಬಂದವರು ನಮ್ಮ ಬಾಗಿಲಲ್ಲಿ ನಿಂತು, ಮೊದಲೇ ಬಾಯಿಪಾಠ ಮಾಡಿಕೊಂಡಿದ್ದ ಕನ್ನಡದಲ್ಲಿ ನಿಧಾನವಾಗಿ ಹೇಳಿದರು: "ಹೋಗಿ ಬರ್ತೀನಿ, ಆಂಟಿ."

ಅಮ್ಮ ಹಿಡಿದ ಕೈ ಬಿಡಲಿಲ್ಲ. ತಲೆ ಒಂದಿಷ್ಟು ವಾಲಿಸಿ ಕೇಳಿದರು: "ಯಾವತ್ತು?"